ಮೇಷ್ಟ್ರ ಹಿತ್ತಲಿನ ಮೋಟರ್

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು ಹಣೆತುಂಬ ವಿಭೂತಿ ಹಚ್ಚಿ, ಟವೆಲಿನ ತುದಿಯಿಂದ ಮೂಗು ಮುಚ್ಚಿಕೊಂಡೇ ಮೀನಿಗೆ ತೌಡು ಹಾಕುತ್ತಿದ್ದರು. ಯೂಟ್ಯೂಬ್ ನೋಡಿ ಹೊಸದಾಗಿ ಶುರುಮಾಡಿದ್ದ ಬೇಸಾಯ ಅದು. ಕೆಳಗೆ ನೀಲಿ ಡ್ರಮ್ಮಿನಲ್ಲಿ ಮೀನು, ಪಕ್ಕದ ಕಟ್ಟೆಯ ಮೇಲೆ ಜಲ್ಲಿ ತುಂಬಿದ ತೊಟ್ಟಿಯಲ್ಲಿ ಪಾಲಕ್. ಮೀನಿನ ಗಲೀಜು ನೀರನ್ನು ಪುಟ್ಟ ಮೋಟರ್ ಸೊಪ್ಪಿಗೆ ಏರಿಸುತ್ತಿತ್ತು. ಅದು ತಿಳಿಯಾಗಿ ಮತ್ತೆ ಡ್ರಮ್ಮಿಗೇ ಇಳಿಯುತ್ತಿತ್ತು. ಜಿಲೇಬಿ ಮೀನಿನ ಮರಿ ತಂದುಕೊಟ್ಟವನು ನಾನೇ. ಅವು ದಪ್ಪಗಾದಂತೆಲ್ಲ ನನ್ನ ಬಾಯಲ್ಲಿ ನೀರೂರುತ್ತಿತ್ತು. ಮೇಷ್ಟ್ರು ಮಾತ್ರ ತೋರುಬೆರಳೆತ್ತಿ, "ಮೀನು ನಮ್ದಲ್ಲ ಕಣ್ರೀ, ಸೊಪ್ಪಷ್ಟೇ ನಮ್ದು," ಅನ್ನುತ್ತಿದ್ದರು.

ಮೇಷ್ಟ್ರ ಮಗಳನ್ನು ನೋಡಲು ಕವಲಂದೆಯಿಂದ ಗಂಡಿನ ಕಡೆಯವರು ಬಂದರು. ಅವರೂ ವಿಭೂತಿಯವರೇ. ಮೀನು ಸಾಕಿದ್ದು ಗೊತ್ತಾದರೆ ಸಂಬಂಧ ತಪ್ಪೀತೆಂದು ಡ್ರಮ್ಮಿನ ಮೇಲೆ ಹಲಗೆ, ಹಲಗೆಯ ಮೇಲೆ ಮೇಷ್ಟ್ರು, ಪಕ್ಕದಲ್ಲಿ ನಾನು. ಗಂಡಿನ ತಂದೆ ಕೈತೊಳೆಯಲು ಹಿತ್ತಲಿಗೆ ಬಂದು ಪಾಲಕ್ ಹೊಗಳುತ್ತಿದ್ದಾಗ ಹಲಗೆಯ ಕೆಳಗೆ ದಡಾರ್ ಎಂದಿತು.

"ಮೋಟರ್ ಕಣ್ರೀ, ಹಳೇದು," ಎಂದರು ಮೇಷ್ಟ್ರು, ಅಲ್ಲಾಡದೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಮತ್ತೆ ದಡಾರ್!

"ಕರೆಂಟ್ ಹೋಯ್ತಲ್ಲ, ಮೇಷ್ಟ್ರೇ?" ಎಂದೆ. ಆ ಪಾಪ ನನ್ನದೇ.

ಮೇಷ್ಟ್ರ ಬೆರಳು ಮೇಲೇರಿ, ಹಣೆಯ ವಿಭೂತಿ ಮುಟ್ಟಿ ಇಳಿಯಿತು. ಗಂಡಿನ ತಂದೆ ಬಗ್ಗಿ ಹಲಗೆಗೆ ಕಿವಿಗೊಟ್ಟರು. ಆಮೇಲೆ ಒಳಗಿದ್ದ ಹೆಂಗಸರಿಗೆ ಕೇಳದಂತೆ ಪಿಸುಗುಟ್ಟಿದರು:

"ನಮ್ಮನೇಲೂ ಇಂತದ್ದೇ ಒಂದ್ ಮೋಟ್ರು ಅದೆ ಸಾ. ನಾವು ಕಡ್ಲೆಕಾಯಿ ಇಂಡಿ ಆಕ್ತೀವಿ. ನೀವೇನ್ ಆಕ್ತೀರಿ?"