ನಾಲ್ಕು ಕುರ್ಚಿಗಳ ಇಂಗ್ಲಿಷ್ ಶಾಲೆ

ಬೆಳಗಿನ ಐದೂವರೆ. ಬಸ್ ಡಿಪೋದ ಬಿಡಿಭಾಗಗಳ ಉಗ್ರಾಣದಲ್ಲಿ ಟೈರುಗಳನ್ನು ಗೋಡೆಗೆ ಒತ್ತರಿಸಿ ಸ್ಟೋರ್ ಅಕ್ಕ ನಾಲ್ಕು ಕುರ್ಚಿ ಹಾಕುತ್ತಾರೆ. ಎರಡು ಇತ್ತ, ಎರಡು ಅತ್ತ, ನಡುವೆ ‘ಬಟ್’ ಎಂದು ಬರೆದ ಸೀಮೆಸುಣ್ಣದ ಗೆರೆ. ಇತ್ತ ‘ದ ಬಸ್’ ಎಂಬ ರಟ್ಟು ಹಿಡಿದ ಕಂಡಕ್ಟರ್, ಪಕ್ಕದಲ್ಲಿ ‘ಹ್ಯಾಸ್’ ಹಿಡಿದ ಕ್ಲೀನರ್. ಗೆರೆಯಾಚೆ ‘ಇಟ್’ ಹಿಡಿದ ವಾಚ್‌ಮನ್, ಇನ್ನೊಂದು ‘ಹ್ಯಾಸ್’ ಹಿಡಿದ ಮೆಕ್ಯಾನಿಕ್. ಅಕ್ಕ ‘ನಾಟ್ ಓನ್ಲಿ’ ರಟ್ಟು ಹಿಡಿದು ನೆಂಟರ ಗತ್ತಿನಿಂದ ಬಾಗಿಲು ದಾಟಿ ಒಳಬರುತ್ತಲೇ ಕಂಡಕ್ಟರ್, ಕ್ಲೀನರ್ ಎದ್ದು ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ. ಅವರನ್ನು ನೋಡಿ ಮೆಕ್ಯಾನಿಕ್ಕೂ ಎದ್ದುಬಿಡುತ್ತಾನೆ.

“ನೀನ್ಯಾಕಪ್ಪಾ ಎದ್ದೆ? ನೆಂಟರು ಬಂದಿರೋದು ಅವರ ಮನೆಗೆ. ‘ಬಟ್’ ಆಚೆ ಇರೋದು ಪಕ್ಕದ ಮನೆ. ನೀನು ಆರಾಮಾಗಿ ಕೂತಿರು.”

‘ನಾಟ್ ಓನ್ಲಿ’ ಮೊದಲು ಬಂದರೆ ಅದರ ಪಕ್ಕದ ಅರ್ಧದಲ್ಲಿ ಮಾತ್ರ ‘ಹ್ಯಾಸ್’ ಮುಂದಕ್ಕೆ ಬರಬೇಕು, ‘ಬಟ್’ ಆಚೆ ಯಾವುದೂ ಕದಲಬಾರದು. ಹೀಗೆ ಸಿದ್ಧವಾಗುವ ವಾಕ್ಯ: ‘ನಾಟ್ ಓನ್ಲಿ ಹ್ಯಾಸ್ ದ ಬಸ್ ಸ್ಟಾಪ್ಡ್, ಬಟ್ ಇಟ್ ಹ್ಯಾಸ್ ಆಲ್ಸೋ ಲೀಕ್ಡ್ ಆಯಿಲ್.’ ಬಸ್ಸು ನಿಂತಿದ್ದಷ್ಟೇ ಅಲ್ಲ, ಎಣ್ಣೆಯನ್ನೂ ಸೋರಿಸಿದೆ. ಡಿಪೋದವರಿಗೆ ಇದರ ಅರ್ಥ ಹೇಳಿಕೊಡಬೇಕಿಲ್ಲ.

ಎಂಟು ಗಂಟೆಯಾದರೆ ಅಕ್ಕ ಬೋಲ್ಟು, ಬೇರಿಂಗು ಎಣಿಸಿಕೊಡುವ ಕೆಲಸಕ್ಕೆ ಕೂರುತ್ತಾರೆ. ಇಂಗ್ಲಿಷ್ ಕಲಿತದ್ದು ಬಿಡಿಭಾಗಗಳ ಪಟ್ಟಿ ಓದಿ ಓದಿ. ಬಡ್ತಿ ಪರೀಕ್ಷೆಯಲ್ಲಿ ತಾವೇ ಎರಡು ಸಲ ಮುಗ್ಗರಿಸಿದ ಮೇಲೆ ಈ ಕುರ್ಚಿಯಾಟ ಹೊಳೆಯಿತು. ಹನ್ನೊಂದು ವರ್ಷಗಳಲ್ಲಿ ನಲವತ್ಮೂರು ಜನ ಕಲಿತಿದ್ದಾರೆ, ಇಪ್ಪತ್ತೊಂಬತ್ತು ಜನ ತೇರ್ಗಡೆಯಾಗಿದ್ದಾರೆ. ಬೋಲ್ಟು ಕೊಡುವವಳು ಗ್ರಾಮರ್ ಬೇರೆ ಕೊಡುತ್ತಾಳಂತೆ ಎಂದು ಮೊದಮೊದಲು ನಕ್ಕ ಗಂಡನೇ ಈಗ ರಟ್ಟು ಕತ್ತರಿಸಿಕೊಡುತ್ತಾರೆ.

ಮೆಕ್ಯಾನಿಕ್‌ಗೆ ಇಂದು ಹತ್ತು ಗಂಟೆಗೆ ಮೇಲ್ವಿಚಾರಕ ಹುದ್ದೆಯ ಬಡ್ತಿ ಪರೀಕ್ಷೆ. ಇರುವುದು ಮೂರೇ ಅವಕಾಶ, ಇದು ಮೂರನೆಯದು. ಹಿಂದಿನೆರಡು ಸಲವೂ ವಾಕ್ಯದ ಎರಡೂ ಅರ್ಧಗಳಲ್ಲಿ ಪದಗಳನ್ನು ಅದಲುಬದಲು ಮಾಡಿ ಬಂದವನು. ಬಸ್ಸಿನ ಯಾವ ನಟ್ಟನ್ನು ತಿರುಗಿಸಬಾರದೆಂದು ಚೆನ್ನಾಗಿ ಬಲ್ಲವನಿಗೆ ಇಲ್ಲಿ ಮಾತ್ರ ಕೈ ಸುಮ್ಮನಿರುವುದಿಲ್ಲ. ಅಕ್ಕ ಅವನನ್ನು ಆರು ಸಲ ಕೂರಿಸುತ್ತಾರೆ. ಐದು ಸಲ ಏಳುತ್ತಾನೆ. ಆರನೆಯ ಸಲ ಕುರ್ಚಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತಿರುತ್ತಾನೆ.

ಮಧ್ಯಾಹ್ನ ಒಂದಕ್ಕೆ ಅವನು ನೇರ ಉಗ್ರಾಣಕ್ಕೇ ಬರುತ್ತಾನೆ. ‘ನಾಟ್ ಓನ್ಲಿ’ ಪ್ರಶ್ನೆ ಬಂದಿತ್ತಂತೆ. “ಕಾಲು ಎದ್ದೇಬಿಡ್ತಿತ್ತಕ್ಕಾ. ಕುರ್ಚಿ ಹಿಡ್ಕೊಂಡೆ. ಎದ್ದೋಗ್ತೀಯಾ ಅಂತ ಪರೀಕ್ಷೆ ಕಾಯ್ತಿದ್ದ ಮೇಷ್ಟ್ರು ಕೇಳಿದ್ರು. ಇಲ್ಲ ಸಾರ್, ಪಕ್ಕದ ಮನೆ ಅಂದೆ.”

ಅಕ್ಕ ಎಣಿಸುತ್ತಿದ್ದ ಬೇರಿಂಗುಗಳ ಲೆಕ್ಕ ತಪ್ಪುತ್ತದೆ. ನಗು ನಿಂತ ಮೇಲೆ ಮತ್ತೆ ಒಂದರಿಂದ ಶುರುಮಾಡುತ್ತಾರೆ.

“ಫಲಿತಾಂಶ ಬಂದಾಗ ಬರ್ಲಿ,” ಎನ್ನುತ್ತಾರೆ. “ಕೂತಿದ್ಯಲ್ಲ, ಅಷ್ಟು ಸಾಕು ನನಗೆ.”