ಎರಡಕ್ಷರ ಒತ್ತಿದರೆ ಸಾಕು

ಮೌಸ್ ಹಿಡಿದು ಪರದೆಯ ತುಂಬ ಐಕಾನು ಹುಡುಕುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಹುಡುಕುವ ಪೆಟ್ಟಿಗೆಯಲ್ಲಿ ಎರಡಕ್ಷರ ಒತ್ತಿ ಎಂಟರ್ ಬಡಿದರೆ ಬೇಕಾದ ಆ್ಯಪ್ ಕೈಕಟ್ಟಿ ಎದುರು ನಿಲ್ಲುತ್ತದೆ. ಈ ವಿದ್ಯೆ ಬಂದ ಮೇಲೆ ನನ್ನ ಕತ್ತು ಎರಡು ಬೆರಳು ಉದ್ದವಾಗಿದೆ ಎನ್ನುತ್ತಾಳೆ ಅವ್ವ.

ನಾನು ಟೈಪಿಂಗ್ ಮಾಡುವುದು ಶಿಗ್ಗಾವಿಯಲ್ಲಿ, ಸವಣೂರಿನ ಖಾದರ್ ಚಾಚಾ ಅವರ ಝೆರಾಕ್ಸ್ ಅಂಗಡಿಯಲ್ಲಿ. ಅವರ ಕಂಪ್ಯೂಟರ್ ಪರದೆಯೆಂದರೆ ಸಂತೆ. ಗುಲಾಬಿ ಹೂವಿನ ಚಿತ್ರದ ಮೇಲೆ ಅರವತ್ತು ಐಕಾನು. ಒಂದರ ಹೆಸರೂ ಚಾಚಾಗೆ ಗೊತ್ತಿಲ್ಲ. ಎಡ ಎಸಳಿನ ಕೆಳಗಿನದು ಫೋಟೊಕ್ಕೆ, ದೇಟಿನ ಪಕ್ಕದ್ದು ಸ್ಕ್ಯಾನಿಗೆ. ಕನ್ನಡಕ ಮೂಗಿನ ತುದಿಗಿಳಿಸಿ, ಪರದೆಗೆ ಮುತ್ತು ಕೊಡುವಂತೆ ಬಾಗಿ ಅವರು ಹುಡುಕುವುದನ್ನು ನಾನು ಗಿರಾಕಿಗಳೆದುರು ಅಣಕಿಸಿದ್ದಕ್ಕೆ ಲೆಕ್ಕವಿಲ್ಲ.

ಒಂದು ಶುಕ್ರವಾರ ಚಾಚಾ ನಮಾಜಿಗೆ ಹೋದಾಗ ಅಷ್ಟೂ ಐಕಾನು ಅಳಿಸಿ, ಪರದೆಯನ್ನು ಸಾರಿಸಿದ ಅಂಗಳ ಮಾಡಿಟ್ಟೆ.

ಅದೇ ಮಧ್ಯಾಹ್ನ ದುಂಡಸಿಯಿಂದ ಶಾಂತವ್ವ ಬಂದರು. ಮಗಳ ಹಾಸ್ಟೆಲ್ ಅರ್ಜಿಗೆ ಅಂದೇ ಕೊನೆಯ ದಿನ. ಐದಕ್ಕೆ ವೆಬ್‌ಸೈಟಿನ ಬಾಗಿಲು ಬಂದ್. ಅಂಕಪಟ್ಟಿ ಸ್ಕ್ಯಾನ್ ಮಾಡಿ ಏರಿಸಬೇಕು. ನಾನು ಗತ್ತಿನಿಂದ ‘ಸ್ಕ್ಯಾನ್’ ಎಂದು ಒತ್ತಿದೆ. ಪೆಟ್ಟಿಗೆ ಹುಬ್ಬಳ್ಳಿಯಲ್ಲಿ ತಲೆ ಸ್ಕ್ಯಾನ್ ಮಾಡುವ ಜಾಗಗಳನ್ನು ತೋರಿಸಿತು. ಸಲಹೆ ತಪ್ಪೆನ್ನಲಾರೆ. ಇನ್ನೂ ಹತ್ತು ಹೆಸರು ಒತ್ತಿ ನೋಡಿದೆ. ಹತ್ತು ಬಗೆಯ ಜಾಹೀರಾತು ಬಂದವು. ಗಂಟೆ ನಾಲ್ಕೂವರೆ.

ಅಷ್ಟರಲ್ಲಿ ನಮಾಜು, ಊಟ, ನಿದ್ದೆ ಮುಗಿಸಿ ಬಂದ ಚಾಚಾರನ್ನು, ಸ್ಕ್ಯಾನಿನ ಆ್ಯಪ್‌ಗೆ ಹೆಸರೇನೆಂದು ಕೇಳಿದೆ.

“ಹೆಸರು ಯಾರ ನೋಡ್ಯಾರೋ? ದೇಟಿನ ಬಾಜೂಕ ಇತ್ತು. ಹಳದಿ ಗಿಳಿ.”

ನಮ್ಮ ಕಡೆ ಬರೀ ಹೆಸರು ಹಿಡಿದು ಯಾರು ಏನನ್ನು ಕಂಡುಹಿಡಿದಿದ್ದಾರೆ? ಮಾಸೂರಿನಲ್ಲಿ ಬಸಪ್ಪನ ಮನೆ ಕೇಳಿದರೆ ಹತ್ತು ಮನೆ ತೋರಿಸುತ್ತಾರೆ. ಕೆರೆಗೆ ಮುಖ ಮಾಡಿದ, ನೀಲಿ ಬಾಗಿಲಿನ ಬಸಪ್ಪ ಎಂದರೆ ಒಬ್ಬನೇ. ಈ ಜ್ಞಾನೋದಯ ನನಗಾದದ್ದು ನಾಲ್ಕೂ ನಲವತ್ತಕ್ಕೆ. ಜ್ಞಾನವೇನೋ ಬಂತು, ಗಿಳಿ ಬರಲಿಲ್ಲ.

ಅದುವರೆಗೆ ಅಂಕಪಟ್ಟಿಯನ್ನು ಎದೆಗೊತ್ತಿಕೊಂಡು ನಿಂತಿದ್ದ ಶಾಂತವ್ವ, ಪರದೆಯಲ್ಲಿ ಉಳಿದಿದ್ದ ಒಂದೇ ಒಂದು ಚಿತ್ರಕ್ಕೆ ಬೆರಳು ತೋರಿಸಿದರು.

“ತಮ್ಮಾ, ಅದು ಕಸದ ಬುಟ್ಟಿ ಹೌದಿಲ್ಲೋ? ಮನ್ಯಾಗ ಏನರ ಕಾಣಲಿಲ್ಲಂದ್ರ ನಾ ಮೊದಲ ಅದನ್ನ ನೋಡ್ತೇನಿ.”

ತೆರೆದರೆ, ಅರವತ್ತೂ ಅಲ್ಲಿಯೇ ಬಿದ್ದಿದ್ದವು. ಚಾಚಾ ಬಾಗಿ ಒಂದೇ ನೋಟಕ್ಕೆ ಗಿಳಿಯನ್ನು ಹಿಡಿದರು. ಅದರ ಹೆಸರು ಓದಿದೆ: ನಾಲ್ಕು ಇಂಗ್ಲಿಷ್ ಅಕ್ಷರ, ಐದು ಅಂಕಿ. ಹೆತ್ತವರೂ ಕೂಗಿ ಕರೆಯಲಾರದ ಹೆಸರು. ಅರ್ಜಿ ಹೋಗುವಾಗ ಐದಕ್ಕೆ ನಾಲ್ಕು ನಿಮಿಷ ಬಾಕಿ.

ಅರ್ಜಿ ಮುಟ್ಟಿದ್ದಕ್ಕೆ ಬಂದ ರಸೀದಿಯನ್ನು ಮುದ್ರಿಸಿ ಕೊಟ್ಟೆ. ಉಳಿದಷ್ಟು ಮಾನ ಉಳಿಸಿಕೊಳ್ಳಲು, ಇದರ ಪ್ರತಿ ಕಂಪ್ಯೂಟರಿನಲ್ಲೂ ಇದೆ, ಬೇಕಾದಾಗ ಬನ್ನಿ, ಕ್ಷಣದಲ್ಲಿ ಹುಡುಕಿಕೊಡುತ್ತೇನೆ ಎಂದೆ. ಶಾಂತವ್ವ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಸಂಚಿಯೊಳಗೆ ತುರುಕಿದರು.

“ನೀ ಏನ ಹುಡುಕೂದು ಬ್ಯಾಡಪ್ಪ. ಎಲ್ಲಿ ಇಟ್ಟೇನಿ ಅನ್ನೂದು ನನಗ ಗೊತ್ತೈತಿ.”