ಎರಡು ಮೆಟ್ಟಿಲಿನ ಹವೇಲಿ

ಹಸಿ ಗಾರೆಯ ವಾಸನೆ ಬಂದರೆ ನನಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ನೆನಪಾಗುತ್ತವೆ. ನಗಬೇಡಿ, ಕಾರಣವಿದೆ. ರಾಯಚೂರಿನ ಕೋಟೆ ಕಂದಕದ ಪಕ್ಕ ನಿಜಾಮರ ಕಾಲದ ಒಂದು ಹವೇಲಿ ಇದೆ. ಮೊದಲು ಲಾಡ್ಜ್ ಆಗಿತ್ತು. ಎಷ್ಟೋ ವರ್ಷ ಮುಚ್ಚಿದ್ದು, ಈಗ ಗಾರೆ ಬಳಿದು ದೊಡ್ಡ ಹೋಟೆಲ್ ಮಾಡಿದ್ದಾರೆ. ಕಳೆದ ವಾರ ಹೆಂಡತಿಯೊಡನೆ ಚಹಾ ಕುಡಿಯಲು ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಎಡಕ್ಕೊಂದು ಮೆಟ್ಟಿಲು, ಬಲಕ್ಕೊಂದು ಮೆಟ್ಟಿಲು. ಈ ವಯಸ್ಸಿನಲ್ಲೂ ಯಾವುದನ್ನು ಹತ್ತಬೇಕೋ ತಿಳಿಯಲಿಲ್ಲ.

ಒಂದು ಗಂಡಸರಿಗೆ, ಇನ್ನೊಂದು ಹೆಂಗಸರಿಗೆ ಅಂತ ಕಟ್ಟಿದವರು ಮಾಡಿದ್ದು. ಮೇಲೆ ಹೋದರೆ ಎರಡೂ ಕಡೆ ಒಂದೇ ಥರದ ಉದ್ದನೆಯ ಹಾಲು, ಒಂದೇ ಥರದ ಬಣ್ಣದ ಗಾಜು. ಲಾಡ್ಜ್ ನಡೆಸುತ್ತಿದ್ದ ಖಾದರ್ ಸಾಬರು ಈ ಹಾಲುಗಳನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆ ಕೊಡುತ್ತಿದ್ದರು. ದೇವದುರ್ಗದವರು ಮಾನ್ವಿಗೆ ಹೋಗಿ, ಒಲ್ಲೆ ಅಂದು, ಊರೆಲ್ಲ ಗುಲ್ಲಾಗುವುದಕ್ಕಿಂತ ರಾಯಚೂರೇ ವಾಸಿ ಅಂತ ಜನಕ್ಕೂ ಅನಿಸಿತ್ತು. ಬಂದವರನ್ನು ಸಾಬರೇ ಕೈಹಿಡಿದು ಸರಿಯಾದ ಹಾಲಿಗೆ ಮುಟ್ಟಿಸುತ್ತಿದ್ದರು. ನಾನು ಹೆಣ್ಣು ನೋಡಲು ಹೋದದ್ದು ಮಾತ್ರ ಶುಕ್ರವಾರ ಮಧ್ಯಾಹ್ನ. ಸಾಬರು ನಮಾಜಿಗೆ ಹೋಗಿದ್ದರು.

ಜೊತೆಗಿದ್ದ ಕಾಕಾ ನನ್ನನ್ನು ಮೇಲೆ ಕಳಿಸಿ ಎಲೆ-ಅಡಿಕೆ ತರಲು ಹೋದರು. ನಾನು ಬಲಕ್ಕೆ ಹತ್ತಿದೆ. ಏಳೆಂಟು ಜನ ಎದ್ದು ನಿಂತು, "ದೇವದುರ್ಗದವರಲ್ರೀ? ಬರ್ರಿ, ಬರ್ರಿ" ಅಂದರು. ಹೌದೆಂದೆ. ಹೆಸರು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ; ಹೆಣ್ಣು ನೋಡಲು ಹೋದ ಗಂಡು ಹೆಚ್ಚು ಬಾಯಿ ಬಿಟ್ಟರೆ ನಮ್ಮ ಕಡೆ ಉಡಾಳ ಅನ್ನುತ್ತಾರೆ. ಹಿಂದೆಯೇ ಬಂದ ಕಾಕಾನ ಕೈಗೆ ಒಗ್ಗರಣೆಯ ತಟ್ಟೆ ಬಂತು, ಅವರೂ ಕೂತರು. ಬೆಡಗು, ಅಂದರೆ ಕುಲಗೋತ್ರ ವಿಚಾರಿಸಿದರು, ಹೊಂದಿತು.

ಹೊಸದಾಗಿ ಗಾರೆ ಮೆತ್ತಿದ ಗೋಡೆಗೆ ಒರಗಿ ಕೂತಿದ್ದ ನನಗೆ ಅನುಮಾನ ಶುರುವಾಯಿತು. ನನಗೆ ಹೇಳಿದ್ದು ಮಾನ್ವಿಯ ಬಟ್ಟೆ ವ್ಯಾಪಾರಿಯ ಮಗಳು ಅಂತ. ಇವರೋ, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಭತ್ತದ ಸಸಿ ಯಾವಾಗ ಹಚ್ಚೋದು ಅಂತ ಬಿಟ್ಟರೆ ಬೇರೆ ಮಾತಿಲ್ಲ. ಅಷ್ಟರಲ್ಲಿ ಹುಡುಗಿ ಮಿರ್ಚಿ ತಂದಿಟ್ಟು ನಿಂತಳು. "ನೀವೂ ಕೂಡ್ರಿ, ತಿನ್ರಿ" ಅಂದುಬಿಟ್ಟೆ. ಹಿರಿಯರೆಲ್ಲ ತಟ್ಟೆ ಬಿಟ್ಟು ನನ್ನನ್ನೇ ನೋಡಿದರು. ಆಕೆ ಕೂತಳು.

ಅವರು ಕಾಯುತ್ತಿದ್ದ ನಿಜವಾದ ವರನೂ ದೇವದುರ್ಗದವನೇ; ಅವನ ಬಸ್ಸು ದಾರಿಯಲ್ಲಿ ಕೆಟ್ಟು, ಅವನು ಸಂಜೆ ಬಂದಾಗಲೇ ಎಲ್ಲ ಬಯಲಾದದ್ದು. ಆ ಹೊತ್ತಿಗೆ ಮದುವೆ ಗೊತ್ತಾಗಿ ನಮ್ಮೆಲ್ಲರ ಬಾಯಿಗೆ ಸಕ್ಕರೆ ಬಿದ್ದಾಗಿತ್ತು. ಎಡಗಡೆಯ ಹಾಲಿನಲ್ಲಿ ನನಗಾಗಿ ಕಾದಿದ್ದ ಬಟ್ಟೆ ವ್ಯಾಪಾರಿ ತಮ್ಮ ಮಗಳನ್ನು ಕರೆದುಕೊಂಡು ಹೋಗಿಬಿಟ್ಟಿದ್ದರು. ಆ ಹುಡುಗಿಯ ಮುಖ ಕೂಡ ನಾನು ನೋಡಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅದಕ್ಕಿಂತ ದೊಡ್ಡ ಕೊರಗು ಇನ್ನೊಂದು: ನನ್ನ ಪೆದ್ದುತನಕ್ಕೆ ಹೆಂಡತಿಯಾದ ಈಕೆಯ ಬದುಕು ಸಿಕ್ಕಿಬಿತ್ತೇ? ಇಪ್ಪತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದೂ ಕೇಳುವ ಧೈರ್ಯವಾಗಿರಲಿಲ್ಲ.

ಕಳೆದ ವಾರ ಅದೇ ಬಲಗಡೆಯ ಹಾಲಿನಲ್ಲಿ, ಚಹಾ ಬರುವ ಮೊದಲು ಕೇಳಿದೆ. ಆಕೆ ಕಿಟಕಿಯ ಹತ್ತಿರ ಕಂದಕ ನೋಡುತ್ತ ನಿಂತಿದ್ದಳು.

"ಅವತ್ತು ಬರಬೇಕಾಗಿದ್ದ ಹುಡುಗನ ಫೋಟೋ ಗೆಳತಿ ಮೊದ್ಲೇ ಕದ್ದು ತೋರಿಸಿದ್ಲು. ನೀವು ಒಳಗ ಬಂದಕೂಡ್ಲೇ ಆವ ನೀವಲ್ಲ ಅಂತ ಗೊತ್ತಾತು."

"ಮತ್ಯಾಕ ಸುಮ್ನಿದ್ದಿ?"

"ನಿಮಗಿಂತ ಮೊದ್ಲು ನಾಕು ಮಂದಿ ನೋಡಿ ಹೋಗಿದ್ರು. ಕೂಡು, ತಿನ್ನು ಅಂದವ್ರು ನೀವೊಬ್ರೇ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿಮಗೆ ಮಾತ್ರ ನಿಜ ಹೇಳುತ್ತೇನೆ. ಅವತ್ತು ಆಕೆಯನ್ನು ಕೂಡಿಸಿದ್ದು, ನೀವು ಯಾರ ಪೈಕಿ ಅಂತ ಮೆಲ್ಲಗೆ ಕೇಳಿ ತಿಳಿಯೋಣ ಅಂತ. ಕೇಳಲು ಬಾಯಿ ಬರಲಿಲ್ಲ, ಅಷ್ಟೇ.

ಚಹಾ ಬಂತು, ಮಿರ್ಚಿಯೂ ಬಂದವು. ಆಕೆ ಇನ್ನೂ ನಿಂತೇ ಇದ್ದಳು.

"ಕೂಡು, ಮಿರ್ಚಿ ಆರಾಕತ್ತಾವ, ತಿನ್ನು" ಅಂದೆ. ಈ ಸಲ ಆಕೆಯನ್ನು ಕೇಳುವುದು ಏನೂ ಇರಲಿಲ್ಲ.